ಪಾತ್ರದ ಬೆಳವಣಿಗೆ: ಕನ್ನಡ ಕಥನ ಸಾಹಿತ್ಯದಲ್ಲಿ

ಕಥೆ ಸಾಗಿದಂತೆ ಪಾತ್ರವೊಂದರ ಸ್ವಭಾವ, ನಂಬಿಕೆ, ಲೋಕದೃಷ್ಟಿಗಳಲ್ಲಿ ಆಗುವ ಮಾರ್ಪಾಡನ್ನು ಪಾತ್ರದ ಬೆಳವಣಿಗೆ ಎನ್ನುತ್ತಾರೆ. ಇದು ಕಾದಂಬರಿಯ ಜೊತೆಗೇ ಪಶ್ಚಿಮದಿಂದ ಬಂತೆಂಬ ಮಾತಿದೆ. ಹಳಗನ್ನಡ ಕಾವ್ಯದ ಪರಿಚಯವಿರುವವರು ಅದನ್ನು ಪೂರ್ತಿ ಒಪ್ಪಲಾರರು.

ಹಳಗನ್ನಡದ ಜೈನ ಗದ್ಯಕೃತಿ ‘ವಡ್ಡಾರಾಧನೆ’ಯ ಕಥೆಗಳಲ್ಲಿ ಮನುಷ್ಯ ಬದಲಾಗುವುದು ಬಹುಮಟ್ಟಿಗೆ ಭವಾವಳಿಯ ದಾರಿಯಲ್ಲಿ, ಒಂದು ಜನ್ಮದ ಕರ್ಮ ಮತ್ತೊಂದರಲ್ಲಿ ಫಲಿಸುತ್ತದೆ. ಒಂದೇ ಬಾಳಿನೊಳಗೆ ಮನಸ್ಸು ತಿರುಗುವ ಗಳಿಗೆಯನ್ನು ಹತ್ತಿರದಿಂದ ತೋರಿಸಿದವನು ಸುಮಾರು 1100ರಲ್ಲಿದ್ದ ನಾಗಚಂದ್ರ. ಅವನ ‘ರಾಮಚಂದ್ರಚರಿತಪುರಾಣ’ದ ರಾವಣ ಒಲ್ಲದ ಹೆಣ್ಣನ್ನು ಮುಟ್ಟೆನೆಂದು ವ್ರತ ತೊಟ್ಟವನು, ಆದರೂ ಸೀತೆಯನ್ನು ಕದ್ದು ತರುತ್ತಾನೆ. ಬಹುರೂಪಿಣಿ ವಿದ್ಯೆಯನ್ನು ಸಾಧಿಸಿಕೊಂಡು ಬಂದು, ರಾಮನ ಆಸೆ ಬಿಡೆಂದು ಬೆದರಿಸಿದಾಗ ಆಕೆ ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡೇ ಅವನ ಮನಸ್ಸು ತಿಳಿಯಾಗುತ್ತದೆ. ಸೀತೆಯನ್ನು ಒಪ್ಪಿಸಲು ನಿಶ್ಚಯಿಸುತ್ತಾನೆ; ಆದರೆ ಈಗಲೇ ಒಪ್ಪಿಸಿದರೆ ಹೆದರಿ ಕೊಟ್ಟನೆಂದು ಜನ ಆಡಿಕೊಂಡಾರು. ಗೆದ್ದು, ರಾಮಲಕ್ಷ್ಮಣರನ್ನು ಸೆರೆಹಿಡಿದ ಮೇಲೆ ಕೊಡುವೆನೆಂದು ಯುದ್ಧಕ್ಕೆ ಹೋಗಿ ಸಾಯುತ್ತಾನೆ. ಕಾಮ ಅಳಿಯಿತು, ಅಭಿಮಾನ ಉಳಿಯಿತು. ಕಥೆಯ ಎಳೆ ಪ್ರಾಕೃತದ ವಿಮಲಸೂರಿಯದು. ಈ ರಾವಣನಲ್ಲಿ ದುರಂತನಾಯಕನನ್ನು ಕಂಡ ಬಿ.ಎಂ.ಶ್ರೀ. ಅವರ ನೋಟ ಇಂದಿಗೂ ಗಟ್ಟಿಯಾಗಿದೆ.

ಮೊದಲ ಸಾಮಾಜಿಕ ಕಾದಂಬರಿಯೆನಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ವಿಧವೆಯೊಬ್ಬಳ ವಿದ್ಯಾಭ್ಯಾಸ, ಮರುಮದುವೆಗಳ ಕಥೆ. ಅಲ್ಲಿ ಬದಲಾಗುವುದು ಮನಸ್ಸಿಗಿಂತ ಹೆಚ್ಚಾಗಿ ಸ್ಥಿತಿಗತಿ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಮಾತ್ರ ಮುಗ್ಧ ಹಳ್ಳಿಹುಡುಗಿ ಸುಬ್ಬಮ್ಮ ದೊಡ್ಡಮನೆಯ ಒಡತಿಯಾಗಿ ಅಧಿಕಾರದ ರುಚಿ ಹತ್ತಿಸಿಕೊಂಡು, ಕೆಡುತ್ತ, ನೋಯುತ್ತ ಹೋಗುವುದನ್ನು ನೂರಾರು ಪುಟಗಳ ಉದ್ದಕ್ಕೂ ಕಾಣುತ್ತೇವೆ.

ನವ್ಯದ ಕಾಲಕ್ಕೆ ಪಾತ್ರದ ಅಂತರಂಗವೇ ಕಥೆಯ ಕೇಂದ್ರವಾಯಿತು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಇದಕ್ಕೆ ದೊಡ್ಡ ಉದಾಹರಣೆ. ಆಚಾರ ಬಿಟ್ಟು ಬಾಳಿದ ಬ್ರಾಹ್ಮಣ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರಾರೆಂಬ ಪ್ರಶ್ನೆಗೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಶಾಸ್ತ್ರದಲ್ಲಿ ಉತ್ತರ ಹುಡುಕಿ ಸೋಲುತ್ತಾರೆ. ಮಾರುತಿಯ ಗುಡಿಯಲ್ಲಿ ದೇವರ ಪ್ರಸಾದಕ್ಕೆ ಕಾದೂ ಸೋಲುತ್ತಾರೆ. ಹಿಂದಿರುಗುವ ದಾರಿಯ ಕಾಡುಗತ್ತಲಲ್ಲಿ, ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯ ಸಂಗವಾಗುತ್ತದೆ. ಆದರೆ ನಿಜವಾದ ಬದಲಾವಣೆ ಆ ರಾತ್ರಿಯದಲ್ಲ. ಹೆಂಡತಿ ಸತ್ತ ಸೂತಕದಲ್ಲೇ ಮೇಳಿಗೆಯ ಜಾತ್ರೆಯಲ್ಲಿ ಅಲೆದು, ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ, ಯಾರಾದರೂ ಗುರುತು ಹಿಡಿದಾರೆಂಬ ಭಯದಲ್ಲಿ ಅವರು ತಮ್ಮನ್ನೇ ಮೊದಲ ಸಲ ನೋಡಿಕೊಳ್ಳುತ್ತಾರೆ. ಮುಂದೇನೆಂದು ಕಾದಂಬರಿ ಹೇಳುವುದಿಲ್ಲ. ಹೇಳದಿರುವುದೇ ಅದರ ಪ್ರಾಮಾಣಿಕತೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಬೇರೆ ಹಾದಿ ಹಿಡಿಯಿತು. ಊರವರ ಲೆಕ್ಕಕ್ಕೆ ಉಂಡಾಡಿಯಾದ ಮಂದಣ್ಣ ಕೊನೆಯವರೆಗೂ ಹೆಚ್ಚುಕಡಿಮೆ ಅದೇ ಮಂದಣ್ಣ. ಅವನಲ್ಲಿ ಹುಟ್ಟು ನಿಸರ್ಗವಿಜ್ಞಾನಿಯಿದ್ದಾನೆಂದು ವಿಜ್ಞಾನಿ ಕರ್ವಾಲೊ ಕಂಡುಕೊಂಡದ್ದನ್ನು ನಿರೂಪಕ ನಿಧಾನವಾಗಿ ಒಪ್ಪುತ್ತ ಹೋಗುತ್ತಾನೆ. ಇಲ್ಲಿ ಬೆಳೆಯುವವನು ನೋಡುವವನೇ.