ಎರಡನೆಯ ಆಲ್ಬಂ, ಇಬ್ಬಗೆಯ ಸ್ವೀಕಾರ: ಶರೀಫರ ತತ್ವಪದಗಳ ರಾಕ್ ರೂಪ

ಪೀಠಿಕೆ

ಶಿಶುನಾಳ ಶರೀಫರ (1819–1889) ತತ್ವಪದಗಳು ಹಾವೇರಿ ಸೀಮೆಯ ಭಜನಾ ಮೇಳಗಳಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಸಾಗಿವೆ. ಅವರ ಹುಟ್ಟೂರು ಶಿಶುವಿನಹಾಳ ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಈ ಪದಗಳನ್ನು ರಾಕ್ ವೇದಿಕೆಗೆ ಒಯ್ದವರಲ್ಲಿ ಬೆಂಗಳೂರಿನ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡ ಪ್ರಮುಖವಾದುದು. 2008ರ ಮೊದಲ ಆಲ್ಬಂನಲ್ಲಿ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನಿಯ ಮಾಳಿಗಿ’ ಇದ್ದವು. 2013ರ ಎರಡನೆಯ ಆಲ್ಬಂ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಸೇರಿದವು. ಈ ಬಗೆಯ ಹಾಡಿಕೆಯನ್ನು ಮನಸಾರೆ ಮೆಚ್ಚಿದವರಿದ್ದಾರೆ, ಒಪ್ಪದವರೂ ಇದ್ದಾರೆ. ಈ ಇಬ್ಬಗೆಗೆ ಕಾರಣ ವಾದ್ಯವಲ್ಲ, ಹಾಡಿಕೆಯ ಕ್ರಮ ಎಂಬುದು ಈ ಲೇಖನದ ಪ್ರತಿಪಾದನೆ.

ವಾದ್ಯದ ಪ್ರಶ್ನೆ

ಗಿಟಾರ್, ಡ್ರಮ್ಸ್ ಬಂದದ್ದರಿಂದ ಪದ ಕೆಟ್ಟಿತು ಎಂಬ ವಾದಕ್ಕೆ ಬಲವಿಲ್ಲ. ಭಜನೆಯ ಪೇಟಿಯೇ ಯುರೋಪಿನ ಹಾರ್ಮೋನಿಯಂ. ಅದನ್ನು ಇಂದು ಯಾರೂ ಪರಕೀಯವೆನ್ನುವುದಿಲ್ಲ. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರಕ್ಕೆ ಸಿ. ಅಶ್ವಥ್ ಮಾಡಿದ ಸಂಗೀತವನ್ನೂ ಜನ ತಮ್ಮದಾಗಿಸಿಕೊಂಡರು.

ಹಾಡಿಕೆಯ ಕ್ರಮ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಭಜನೆಯಲ್ಲಿ ಮುಂದಾಳು ಒಂದು ಸಾಲು ಹೇಳಿದರೆ ಮೇಳ ಅದನ್ನು ತಿರುಗಿ ಹೇಳುತ್ತದೆ. ಅಲ್ಲಿ ಕೇಳುಗನೆಂಬ ಪ್ರತ್ಯೇಕ ವ್ಯಕ್ತಿಯಿಲ್ಲ, ಕುಳಿತವರೆಲ್ಲ ಹಾಡುವವರೇ. ಮರುಕಳಿಸಿದಷ್ಟೂ ಅರ್ಥ ಮನಸ್ಸಿಗಿಳಿಯುತ್ತದೆ.

‘ಕೋಡಗನ ಕೋಳಿ’ಯನ್ನೇ ನೋಡಬಹುದು. ಒರಳು, ಒನಕೆ, ಬೀಸುವ ಕಲ್ಲಿನಂಥ ಮನೆಬಳಕೆಯ ವಸ್ತುಗಳು ಒಂದನ್ನೊಂದು ನುಂಗುವ ಬೆಡಗಿನಿಂದ ಪದ ಬೆಳೆಯುತ್ತದೆ. ಕೊನೆಯ ನುಡಿಯಲ್ಲಿ ಗೋವಿಂದ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. ಅಲ್ಲಿಯವರೆಗೆ ನಗಿಸಿದ ಒಗಟು ಅಲ್ಲಿ ಅನುಭಾವವಾಗುತ್ತದೆ, ‘ನಾನು’ ಅಳಿಯುತ್ತದೆ. ಭಜನೆಯವರು ಕಾಯುವುದು ಆ ನುಡಿಗೆ. ರಾಕ್ ಕಛೇರಿಯ ರಭಸದಲ್ಲಿ ಸಭಿಕರು ಒಕ್ಕೊರಲಿನಿಂದ ಕೂಗುವುದು ಪಲ್ಲವಿಯನ್ನು. ಪಲ್ಲವಿಯಷ್ಟನ್ನೇ ಮನೆಗೊಯ್ದವರಿಗೆ ದಕ್ಕುವುದು ಒಗಟು ಮಾತ್ರ.

ಎರಡನೆಯ ಆಲ್ಬಂನ ಪರೀಕ್ಷೆ

ಮೊದಲ ಆಲ್ಬಂಗೆ ಹೊಸತನದ ರಕ್ಷೆಯಿತ್ತು. ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಪಡೆಯಿತು. ಎರಡನೆಯದು ಬರುವಾಗ ಆ ಬೆರಗು ಹಳತಾಗಿತ್ತು. ಪದವನ್ನು ಪದವಾಗಿಯೇ ತೂಗುವ ಹೊತ್ತು ಬಂದಿತ್ತು. ಕನ್ನಡದ ಜೊತೆ ಹಿಂದಿ ಹಾಡುಗಳೂ ಒಂದೇ ಆಲ್ಬಂನಲ್ಲಿರುವುದು ನಗರದ ಕೇಳುಗನಿಗೆ ವೈವಿಧ್ಯ. ಭಜನೆಯಿಂದ ಬಂದವನಿಗೆ ಪದ ತನ್ನ ಬಳಗದಿಂದ ಅಗಲಿದಂತೆ. ಇಷ್ಟಿದ್ದೂ, ಶರೀಫರ ಹೆಸರನ್ನೇ ಕೇಳದ ಯುವಜನರ ಕಿವಿಗೆ ಈ ಪದಗಳನ್ನು ಮುಟ್ಟಿಸಿದ ಉಪಕಾರ ಸಣ್ಣದಲ್ಲ. ಭಜನಾ ಮೇಳಕ್ಕೆ ಆ ಎಟುಕು ಇರಲಿಲ್ಲ.

ಫಲಿತ

ಆದ್ದರಿಂದ ಮೆಚ್ಚುಗೆ, ಆಕ್ಷೇಪ ಎರಡೂ ತಮ್ಮ ತಮ್ಮ ಕೇಳ್ಮೆಗೆ ಪ್ರಾಮಾಣಿಕವಾಗಿವೆ. ರಾಕ್ ರೂಪವನ್ನು ಅಳೆಯಲು ಮೂರು ಮಾನದಂಡ ಸಾಕು: ಮಾತು ಸ್ಪಷ್ಟವಾಗಿ ಕೇಳಬೇಕು, ಕೊನೆಯ ನುಡಿ ಉಳಿಯಬೇಕು, ಮೇಳಕ್ಕೆ ಎಡೆಯಿರಬೇಕು. ಶಿಗ್ಗಾವಿ ಬಳಿಯ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಈ ಸೀಮೆಯ ಮೇಳಗಳ ಪಾಠಾಂತರಗಳನ್ನು ಊರೂರು ತಿರುಗಿ ಧ್ವನಿಮುದ್ರಿಸಿ, ಹೊಸ ತಂಡಗಳಿಗೆ ಮುಕ್ತವಾಗಿ ಒದಗಿಸಬೇಕು. ಮುಂದಿನ ಆಲ್ಬಂ ಮಾಡುವವರು ಮೊದಲು ಆ ಮೇಳಗಳಲ್ಲಿ ಕುಳಿತು ಹಾಡಲಿ.