ಬಿಕ್ಕಟ್ಟಿನಲ್ಲಿ ಮೊದಲು ಮಾತಾಡುವವರು ಯಾರು?

1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ರೈಲೊಂದು ಸೇತುವೆಯಿಂದ ನೀರಿಗೆ ಉರುಳಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಪಘಾತದ ಸುದ್ದಿಯನ್ನು ಆದಷ್ಟು ಅದುಮಿಡುವುದು ರೈಲು ಕಂಪನಿಗಳ ಅಂದಿನ ರೂಢಿ. ಕಂಪನಿಯ ಸಲಹೆಗಾರ ಐವಿ ಲೀ ಅದನ್ನು ಮುರಿದು, ನಡೆದದ್ದನ್ನು ತಾವೇ ಬರೆದು ಪತ್ರಿಕೆಗಳಿಗೆ ಹಂಚಿದರು. ಪತ್ರಿಕಾ ಹೇಳಿಕೆಯ ಚರಿತ್ರೆ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ.

ಹೇಳಿಕೆಯಷ್ಟೇ ಸಾಲದು ಎಂಬುದನ್ನು ಕಲಿಸಿದ್ದು 1982. ಶಿಕಾಗೋ ಸುತ್ತಮುತ್ತ ಸಯನೈಡ್ ಬೆರೆತ ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲ್ ನುಂಗಿ 7 ಮಂದಿ ಸತ್ತರು. ವಿಷ ಸೇರಿದ್ದು ಕಾರ್ಖಾನೆಯಲ್ಲಲ್ಲ, ಮಾಲು ಅಲ್ಲಿಂದ ಹೊರಟ ಮೇಲೆ ಎಂದು ತನಿಖೆ ತೀರ್ಮಾನಿಸಿತು. ಆದರೂ ತಯಾರಕ ಕಂಪನಿ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿತು. ಕೆಲವೇ ವಾರಗಳಲ್ಲಿ ಮಾತ್ರೆ ಹೊಸ ಪ್ಯಾಕಿನಲ್ಲಿ ಬಂತು: ಅಂಟು ಹಾಕಿದ ಡಬ್ಬಿ, ಬಾಟಲಿಯ ಕತ್ತಿಗೆ ಪ್ಲಾಸ್ಟಿಕ್ ಪಟ್ಟಿ, ಬಾಯಿಗೆ ಫಾಯಿಲ್ ಮೊಹರು. ಕಳೆದುಕೊಂಡ ಮಾರುಕಟ್ಟೆಯ ಬಹುಪಾಲು ಒಂದು ವರ್ಷದೊಳಗೆ ಮರಳಿತು.

1984ರ ಭೋಪಾಲ್ ದುರಂತ ಇನ್ನೂ ಕಠೋರ ಪಾಠ. ಅನಿಲ ಸೋರಿದರೆ ಏನು ಮಾಡಬೇಕೆಂದು ಕಾರ್ಖಾನೆಯ ನೆರೆಯವರಿಗೆ ಯಾರೂ ತಿಳಿಸಿರಲಿಲ್ಲ. 1986ರಲ್ಲಿ ಸಲಹೆಗಾರ ಸ್ಟೀವನ್ ಫಿಂಕ್ ಬಿಕ್ಕಟ್ಟನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ, ಮೊದಲನೆಯದು ಮುನ್ಸೂಚನೆಯ ಹಂತ ಎಂದರು. ಬೆಂಕಿ ಬಿದ್ದಾಗ ಬಾವಿ ತೋಡುವುದನ್ನು ಬಿಟ್ಟು, ಮುಂಚೆಯೇ ತಯಾರಾಗುವ ವಿಚಾರ ಆಡಳಿತ ಶಾಸ್ತ್ರದಲ್ಲಿ ಬೇರೂರಿತು. ಮುಂದೆ ಸಂವಹನ ಸಂಶೋಧಕ ತಿಮೋತಿ ಕೂಂಬ್ಸ್, ಜನ ಕಂಪನಿಯನ್ನು ಎಷ್ಟರಮಟ್ಟಿಗೆ ಹೊಣೆ ಮಾಡುತ್ತಾರೋ ಅದಕ್ಕೆ ತಕ್ಕಂತೆ ಉತ್ತರ ಇರಬೇಕೆಂಬ ಸಿದ್ಧಾಂತ ಕೊಟ್ಟರು.

2009ರಲ್ಲಿ ಉತ್ತರಿಸುವ ಗಡುವೇ ಕುಗ್ಗಿತು. ಡಾಮಿನೋಸ್‌ನ ಇಬ್ಬರು ನೌಕರರು ತಿನಿಸನ್ನು ಹೊಲಸು ಮಾಡುವ ವಿಡಿಯೊ ಯೂಟ್ಯೂಬ್‌ನಲ್ಲಿ ಹರಿದಾಡಿತು. ಒಂದೆರಡು ದಿನಗಳಲ್ಲೇ ಕಂಪನಿಯ ಅಮೆರಿಕ ವಿಭಾಗದ ಅಧ್ಯಕ್ಷರು ಯೂಟ್ಯೂಬ್‌ನಲ್ಲೇ ಕ್ಷಮೆ ಕೇಳಿದರು. ಅಷ್ಟೂ ತಡವಾಯಿತೆಂಬ ಟೀಕೆ ಬಂತು.

ನಮ್ಮಲ್ಲಿ 2003ರಲ್ಲಿ ಚಾಕೊಲೇಟಿನಲ್ಲಿ ಹುಳು ಕಂಡಾಗ ಕ್ಯಾಡ್‌ಬರಿ ಪ್ಯಾಕಿಂಗ್ ಬದಲಿಸಿ, ಆಮೇಲೆ ಅಮಿತಾಭ್ ಬಚ್ಚನ್ ಅವರನ್ನು ಜಾಹೀರಾತಿಗೆ ಕರೆತಂದಿತು. 2015ರಲ್ಲಿ ಮ್ಯಾಗಿಯಲ್ಲಿ ಸೀಸದ ಅಂಶ ಹೆಚ್ಚಿದೆ ಎಂಬ ಆರೋಪ ಬಂದಾಗ ನೆಸ್ಲೆ ತನ್ನ ಪ್ರಯೋಗಾಲಯದ ವರದಿಯನ್ನೇ ನೆಚ್ಚಿಕೊಂಡಿತು. ಜೂನ್ 5ರ ಹೊತ್ತಿಗೆ ಮಾಲು ಹಿಂತೆಗೆದುಕೊಳ್ಳಬೇಕಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಸರ್ಕಾರಿ ಸಂಸ್ಥೆಗಳು ಹೇರಿದ್ದ ನಿಷೇಧ ರದ್ದುಮಾಡಿ ಮರುಪರೀಕ್ಷೆಗೆ ಆದೇಶಿಸಿತು. ನಂಜನಗೂಡಿನ ಘಟಕವೂ ಸೇರಿ ಉತ್ಪಾದನೆ ಮತ್ತೆ ಶುರುವಾಗಿ, ಮ್ಯಾಗಿ ಅಂಗಡಿಗೆ ಮರಳಿದ್ದು ನವೆಂಬರ್‌ನಲ್ಲಿ. ಪರೀಕ್ಷೆಯಲ್ಲಿ ಪಾಸಾದರೂ ಐದು ತಿಂಗಳ ವ್ಯಾಪಾರ ಹೋಯಿತು.

ಇಂದು ದೊಡ್ಡ ಕಂಪನಿಗಳಲ್ಲಿ ವಕ್ತಾರರ ಪಟ್ಟಿ, ಕರಡು ಹೇಳಿಕೆ, ಅಣಕು ತಾಲೀಮು ಎಲ್ಲವೂ ಇವೆ. ಆದರೆ ಮಾಲು ವಾಪಸ್ ತರಿಸಲು, ಯಂತ್ರ ನಿಲ್ಲಿಸಲು ರಾತ್ರಿ ಹನ್ನೆರಡಕ್ಕೆ ಅಪ್ಪಣೆ ಕೊಡಬಲ್ಲವರು ಯಾರೆಂದು ಬರೆದಿರದಿದ್ದರೆ ಆ ಸಿದ್ಧತೆಯ ಕಡತ ಬರೀ ಕಾಗದ. ಸಣ್ಣ ಉದ್ಯಮಿಯೂ ಮೊದಲು ಬರೆದಿಡಬೇಕಾದದ್ದು ಆ ಒಂದು ಹೆಸರನ್ನು.