ಪಾಳಿಯ ಗಣಿತವೂ ಧಾರವಾಡವೂ

ಬೆಳವಣಕಿಯು ಇಂದು ಗದಗ ಜಿಲ್ಲೆಯ ರೋಣ ತಾಲೂಕಿಗೆ ಸೇರಿದ್ದರೂ 1997ರವರೆಗೆ ಧಾರವಾಡ ಜಿಲ್ಲೆಯ ಗ್ರಾಮವಾಗಿತ್ತು. ಈ ಎರೆಭೂಮಿಯ ಬಯಲಿನಲ್ಲಿ ಬಾವಿಯ ನೀರು ಬಹುಮಟ್ಟಿಗೆ ಸವುಳು. ಆದುದರಿಂದ ಸಿಹಿನೀರಿಗಾಗಿ ಕೊಡಗಳನ್ನು ಪಾಳಿಗೆ ಹಚ್ಚುವುದು ಇಲ್ಲಿಯ ಮನೆತನಗಳಿಗೆ ಹೊಸದಲ್ಲ. ಆ ಪಾಳಿಗೂ ಒಂದು ಶಾಸ್ತ್ರವುಂಟೆಂಬುದನ್ನೂ, ಅದರ ಕೆಲವು ಪ್ರಮೇಯಗಳು ಧಾರವಾಡದಲ್ಲಿಯೇ ಸಿದ್ಧವಾದುವೆಂಬುದನ್ನೂ ಬಲ್ಲವರು ವಿರಳ.

ಶಾಸ್ತ್ರದ ಆದಿಪುರುಷನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯ ಕರೆಗಳನ್ನು ಕುರಿತು ಆತನು ಬರೆದ ಪ್ರಬಂಧವು 1909ರಲ್ಲಿ ಪ್ರಕಟವಾಯಿತು. ಅದರ ಮರ್ಮವನ್ನು ನೀರಿನ ನಳದಿಂದಲೇ ತಿಳಿಯಬಹುದು. ಒಂದು ನಳವು ತಾಸಿಗೆ ಸರಾಸರಿ 20 ಕೊಡಗಳನ್ನು ತುಂಬಬಲ್ಲುದೆನ್ನೋಣ. ಕೊಡಗಳು ಬರುವ ಹೊತ್ತಿಗೆ ನಿಯಮವಿಲ್ಲ. ಅವುಗಳ ಅಳತೆಯೂ ಒಂದೇ ಅಲ್ಲ. ತಾಸಿಗೆ 10 ಬಂದರೆ ನಳದ ಬಳಿ ಸರಾಸರಿ ಒಂದು ಕೊಡವಿರುವುದು. 18 ಬಂದರೆ ಒಂಬತ್ತು. 19 ಬಂದರೆ ಹತ್ತೊಂಬತ್ತು! ಇಪ್ಪತ್ತೇ ಬರತೊಡಗಿದರೆ ಪಾಳಿಯು ಮಿತಿಯಿಲ್ಲದೆ ಬೆಳೆಯುತ್ತ ಹೋಗುವುದು. ಶಕ್ತಿಯು ಬೇಡಿಕೆಗೆ ಸರಿಸಮವಾಗಿದ್ದರೆ ಸಾಕೆಂಬ ಲೌಕಿಕ ಲೆಕ್ಕವು ಇಲ್ಲಿ ಸುಳ್ಳಾಗುವುದು. ಊರಿನ ಕಟ್ಟೆಯ ಮೇಲೆ ನಡೆಯುವ ಜಗಳಗಳಲ್ಲಿ ಅರ್ಧದಷ್ಟಕ್ಕೆ ಈ ಅಜ್ಞಾನವೇ ಕಾರಣವೆನ್ನಬಹುದು.

ಈ ವಿದ್ಯೆಯನ್ನು ಧಾರವಾಡಕ್ಕೆ ತಂದವರು ನರಹರಿ ಉಮಾನಾಥ ಪ್ರಭುಗಳು. 1924ರಲ್ಲಿ ಕಲ್ಲಿಕೋಟೆಯಲ್ಲಿ ಜನಿಸಿದ ಇವರು 1952ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗಕ್ಕೆ ಬಂದು 1961ರವರೆಗೆ ಅದರ ಮುಖ್ಯಸ್ಥರಾಗಿದ್ದರು. ವಿಶ್ವವಿದ್ಯಾಲಯವು ಆಗ ಹುಟ್ಟಿ ಮೂರು ವರ್ಷದ ಕೂಸು. 1954ರಲ್ಲಿ ಕುಲಪತಿಗಳಾದ ಡಿ. ಸಿ. ಪಾವಟೆಯವರು ಸ್ವತಃ ಕೇಂಬ್ರಿಜ್ಜಿನ ರ‍್ಯಾಂಗ್ಲರ್ ಆಗಿದ್ದುದು ಆ ಕಾಲದ ಸುಯೋಗ. ನಡುವೆ ಪ್ರಭುಗಳು ಮ್ಯಾಂಚೆಸ್ಟರಿಗೆ ಹೋಗಿ 1957ರಲ್ಲಿ ಎಂ. ಎಸ್‌ಸಿ. ಪದವಿ ಪಡೆದರು. ಅಲ್ಲಿ ಅವರನ್ನು ಸೆಳೆದುದು ಆಸ್ಟ್ರೇಲಿಯದ ಮೊರಾನ್ 1954ರಲ್ಲಿ ಆರಂಭಿಸಿದ್ದ ಅಣೆಕಟ್ಟಿನ ಗಣಿತ.

ಮಳೆಯು ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಜಲಾಶಯಕ್ಕೆ ಎಷ್ಟು ನೀರು ಬರುವುದೆಂದು ಯಾರೂ ಮುಂದಾಗಿ ಹೇಳಲಾರರು. ಬಿಡಬೇಕಾದ ನೀರಿಗೆ ಮಾತ್ರ ಒಂದು ಪ್ರಮಾಣವಿದೆ. ಹೀಗಿರುವಾಗ ಜಲಾಶಯವು ಬರಿದಾಗುವ ಸಂಭವವೆಷ್ಟು? ಇದು ಮೊರಾನನ ಪ್ರಶ್ನೆ. ಪಾಳಿಯ ಪ್ರಶ್ನೆಯೂ ಇದೇ ಜಾತಿಯದೆಂಬುದನ್ನು ಹಿಡಿದು ನಡೆದವರು ಪ್ರಭುಗಳು. ಹೊಸದಾಗಿ ಬರುವ ಪ್ರತಿಯೊಬ್ಬ ಗಿರಾಕಿಯೂ ತನ್ನ ಕೆಲಸದ ಹೊರೆಯನ್ನು ತರುವನು, ಅದು ಒಳಹರಿವು. ಸೇವಕನು ಆ ಹೊರೆಯನ್ನು ಒಂದೇ ವೇಗದಲ್ಲಿ ಇಳಿಸುವನು; ಅದು ಹೊರಹರಿವು. ಸೇವಕನು ಸುಮ್ಮನೆ ಕುಳಿತ ಕ್ಷಣವೇ ಜಲಾಶಯವು ಬತ್ತಿದ ಕ್ಷಣ. ಸಂಗ್ರಹಸಿದ್ಧಾಂತವನ್ನು ಪಾಳಿಗಳಿಗೆ ಅನ್ವಯಿಸಿದ ಅವರ ಪ್ರಬಂಧವು 1960ರಲ್ಲಿ ಅಮೆರಿಕೆಯ ಗಣಿತೀಯ ಸಂಖ್ಯಾಶಾಸ್ತ್ರದ ವಾರ್ಷಿಕಗಳಲ್ಲಿ ಪ್ರಕಟವಾಯಿತು.

ಮರುವರ್ಷವೇ ಅವರು ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯಕ್ಕೆ ತೆರಳಿದರು. 1965ರಲ್ಲಿ ಅಮೆರಿಕೆಯ ಕಾರ್ನೆಲ್ ಸೇರಿದರು. ಪಾಳಿಗಳನ್ನೂ ದಾಸ್ತಾನುಗಳನ್ನೂ ಕುರಿತ ಅವರ ಗ್ರಂಥವು ಅದೇ ವರ್ಷ ಹೊರಬಂದಿತು. ಅವರೊಡನೆ 1963ರಲ್ಲಿ ಪ್ರಬಂಧಗಳನ್ನು ಬರೆದ ಯು. ನಾರಾಯಣ ಭಟ್ಟರು, ಎರ್ಲಾಂಗನಿಂದ ಮೊದಲುಗೊಂಡು ಅರುವತ್ತು ವರ್ಷಗಳ ಪಾಳಿಶಾಸ್ತ್ರದ ಸಮೀಕ್ಷೆಯನ್ನು 1969ರಲ್ಲಿ ಪ್ರಕಟಿಸಿದರು. 1986ರಲ್ಲಿ ಪಾಳಿಶಾಸ್ತ್ರಕ್ಕೇ ಮೀಸಲಾದ ಪತ್ರಿಕೆಯೊಂದನ್ನು ಪ್ರಭುಗಳು ಸ್ಥಾಪಿಸಿದರು. 2022ರಲ್ಲಿ ಅವರು ಕಾಲವಾದರು.

ಧಾರವಾಡದ ಆ ದಶಕವನ್ನು ವರ್ಣಿಸುವವರು ಕವಿಗಳನ್ನೂ ಗಾಯಕರನ್ನೂ ಮರೆಯುವುದಿಲ್ಲ, ಮರೆಯಲೂಬಾರದು. ಆದರೆ ಈ ಗಣಿತಜ್ಞನ ಹೆಸರು ಆ ಮಾತಿನಲ್ಲಿ ಬರುವುದು ಅಪರೂಪ. ಮಲಪ್ರಭೆಗೆ ನವಿಲುತೀರ್ಥದ ಬಳಿ ಕಟ್ಟೆ ಪೂರ್ಣವಾಗಿ, ರೋಣ ನರಗುಂದಗಳ ಕಡೆಗೆ ಕಾಲುವೆಗಳು ಹೊರಟುದು 1970ರ ದಶಕದ ಮಾತು. ಬರಿದಾಗುವ ಜಲಾಶಯದ ಲೆಕ್ಕವನ್ನು ಬಲ್ಲವರು ಆ ಹೊತ್ತಿಗೆ ಕಡಲಾಚೆಗಿದ್ದರು. 1960ರ ಪ್ರಬಂಧದ ಶಿರೋಭಾಗದಲ್ಲಿ ಮಾತ್ರ, ಲೇಖಕರ ಹೆಸರಿನೊಡನೆ, ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ ಎಂಬ ವಿಳಾಸವು ಅಚ್ಚಾಗಿದೆ.